ಲಿಥುವೇನಿಯಾದ ಬಾವಿ ಮತ್ತು ನಾವು

ಯುರೋಪಿನ ಸಿನಿಮಾ ಬಗ್ಗೆ ಮಾತಾಡುವವರದೇ ಒಂದು ಜಾತಿ ನಮ್ಮಲ್ಲಿದೆ. ಅವರು ಬರ್ಗ್‌ಮನ್ ಅನ್ನುತ್ತಾರೆ, ಗೋದಾರ್ ಅನ್ನುತ್ತಾರೆ, ಹೆಸರು ಹೇಳುವಾಗ ಅರ್ಧ ಕಣ್ಣು ಮುಚ್ಚುತ್ತಾರೆ. ಪಕ್ಕದಲ್ಲಿ ನಿಂತ ನಮ್ಮಂಥವರು ಬಾಯಿ ತೆರೆದರೆ 'ಓ, ನೀವೂ ನೋಡ್ತೀರಾ?' ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆ ಪ್ರೀತಿಯೊಳಗಿನ ಬೆರಗು ನಮಗೆ ಹೊಸದಲ್ಲ. ಕೇರಿ ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಊರ ದೊಡ್ಡವರು 'ಪರವಾಗಿಲ್ವೇ' ಅಂದದ್ದೂ ಇದೇ ಬೆರಗಿನಲ್ಲಿ.

ನಾವು ಸಿನಿಮಾ ಪಂಡಿತರಲ್ಲ. ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು. ನಮ್ಮ ಅಪ್ಪಂದಿರು ಟೆಂಟಿನಲ್ಲಿ ಮರಳ ಮೇಲೆ ಕೂತು ರಾಜ್‌ಕುಮಾರ್ ಪಿಕ್ಚರು ನೋಡಿದರು. ನಾವು ಹಾಸ್ಟೆಲ್ ರೂಮಿನಲ್ಲಿ ಒಂದು ಹಳೇ ಲ್ಯಾಪ್‌ಟಾಪಿನ ಮುಂದೆ ಆರು ಜನ ಒತ್ತಿಕೊಂಡು ಕೂತು, ಪೆನ್‌ಡ್ರೈವಿನಲ್ಲಿ ಬಂದದ್ದನ್ನೆಲ್ಲ ನೋಡಿದೆವು. ಬೆಂಗಳೂರಿನ ಚಿತ್ರೋತ್ಸವಕ್ಕೆ ಬೆಳಗಿನ ಬಸ್ಸಿಗೆ ಹೋಗಿ, ಸಾಲಿನಲ್ಲಿ ನಿಂತು ನೋಡಿ, ರಾತ್ರಿ ಬಸ್ಸಿಗೆ ಮರಳಿದ್ದೂ ಉಂಟು. ಹೀಗೆ ಕಂಡಿದ್ದರಲ್ಲಿ ಲಿಥುವೇನಿಯಾ ಎಂಬ ಪುಟ್ಟ ದೇಶದ ಕೆಲವು ಚಿತ್ರಗಳು ತಲೆಯೊಳಗೆ ಉಳಿದುಬಿಟ್ಟವು. ಅವುಗಳ ಜೊತೆ ಇಟಲಿ, ಫಿನ್ಲೆಂಡು, ರುಮೇನಿಯಾ ಕಡೆಯ ಕೆಲವು. ಅವುಗಳ ಬಗ್ಗೆ ನಮಗೆ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತೇವೆ. ಅನ್ನಿಸಿದ್ದನ್ನು ಹೇಳಲು ಯಾರ ಸರ್ಟಿಫಿಕೇಟೂ ಬೇಕಿಲ್ಲ.

ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಹೆಚ್ಚು ಅಂತ 1973ರಲ್ಲಿ ಬಸವಲಿಂಗಪ್ಪನವರು ಅಂದರು. ಗಲಾಟೆಯಾಯಿತು, ಮಂತ್ರಿ ಪದವಿ ಬಿಡಬೇಕಾಯಿತು. ಅವರ ಮಾತಿನ ತಿರುಳನ್ನು ನಾವು ಹೀಗೆ ತಿಳಿದುಕೊಂಡಿದ್ದೇವೆ: ಇದರಲ್ಲಿ ನಾವೆಲ್ಲಿದ್ದೇವೆ? ಸಿನಿಮಾ ನೋಡುವಾಗಲೂ ನಮ್ಮ ಕೈಯಲ್ಲಿರುವ ಅಳತೆಗೋಲು ಅದೊಂದೇ. ಚೌಕಟ್ಟಿನ ಒಳಗೆ ಯಾರಿದ್ದಾರೆ, ಆಚೆ ಯಾರನ್ನು ನಿಲ್ಲಿಸಿದ್ದಾರೆ?

ಮೊದಲು ಒಂದು ಕಷ್ಟ ಹೇಳಬೇಕು. ಪರದೆಯ ಕೆಳಗೆ ಇಂಗ್ಲಿಷಿನ ಸಾಲು ಓಡುತ್ತದೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನಮ್ಮ ಕಣ್ಣು ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಸಾಲೇ ಮಾಯ. ಒಬ್ಬ ಓದಿ ಹೇಳಬೇಕು, ಉಳಿದವರು 'ಏನಂತೆ? ಏನಂತೆ?' ಅನ್ನಬೇಕು. ಕೊನೆಗೆ ಸಾಕಾಗಿ ಸಾಲು ಬಿಟ್ಟು ಮನುಷ್ಯರನ್ನು ನೋಡತೊಡಗಿದೆವು. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರು ಬಾಗಿಲಿನ ಹೊರಗೇ ಮಾತಾಡಿ ಹೋಗುತ್ತಾರೆ, ಯಾರ ಕೈ ಯಾರ ಮುಂದೆ ಮುದುಡುತ್ತದೆ. ಈ ಓದು ನಮಗೆ ಚೆನ್ನಾಗಿ ಬರುತ್ತದೆ. ಜಗಲಿಯ ಕೆಳಗೆ ನಿಂತು ಮೇಲಿನವರ ಮುಖ ನೋಡಿಯೇ ಇವತ್ತು ಕೂಲಿ ಸಿಗುತ್ತೋ ಇಲ್ಲವೋ ಅಂತ ತಿಳಿದುಕೊಂಡ ಜನ ನಾವು.

ಹೀಗಿರುವಾಗ ಶಾರೂನಾಸ್ ಬಾರ್ತಾಸ್ ಎಂಬ ಲಿಥುವೇನಿಯಾದ ನಿರ್ದೇಶಕನ ಚಿತ್ರಗಳು ಸಿಕ್ಕವು. 'ಮೂರು ದಿನ' (1991) ಎಂಬುದರಲ್ಲಿ ಮಾತು ಬಹಳ ಕಮ್ಮಿ. 'ನಮ್ಮಲ್ಲಿ ಕೆಲವರು' (1996) ಎಂಬುದರಲ್ಲಿ ಮಾತೇ ಇಲ್ಲ ಅನ್ನಬಹುದು. ನಮಗೆ ಖುಷಿಯೋ ಖುಷಿ. ಇಂಗ್ಲಿಷು ಬಂದವನೂ ಬಾರದವನೂ ಒಂದೇ ಪಂಕ್ತಿಯಲ್ಲಿ ಕೂತಂತಾಯಿತು. ಆದರೆ ಅರ್ಧ ಗಂಟೆಯಲ್ಲಿ ಇಬ್ಬರು ಗೊರಕೆ ಹೊಡೆದರು, ಅದನ್ನೂ ಮುಚ್ಚಿಡಬಾರದು. ಎಚ್ಚರವಿದ್ದವರು ಜಗಳಕ್ಕೆ ಬಿದ್ದರು. ಎರಡನೆಯ ಚಿತ್ರ ಸೈಬೀರಿಯಾದ ಸಯಾನ್ ಬೆಟ್ಟಗಳಲ್ಲಿ, ತೋಫಾ ಎಂಬ ಸಣ್ಣ ಬುಡಕಟ್ಟಿನ ನಡುವೆ ತೆಗೆದದ್ದು. ಹೊರಗಿನ ಹೆಣ್ಣೊಬ್ಬಳು ಅಲ್ಲಿಗೆ ಬರುತ್ತಾಳೆ. ಕ್ಯಾಮೆರಾ ಆ ಜನರ ಮುಖದ ಮೇಲೆ ಅಲ್ಲಾಡದೆ ನಿಲ್ಲುತ್ತದೆ. 'ಇಷ್ಟು ಹೊತ್ತು ನಮ್ಮ ಮುಖಾನ ಯಾರಾದ್ರೂ ನೋಡಿದಾರೇನ್ರೋ?' ಅಂದ ಒಬ್ಬ. 'ನೋಡಿದ್ದು ಸರಿ, ಹೆಸರು ಕೇಳಿದ್ರಾ?' ಅಂದ ಇನ್ನೊಬ್ಬ. ಎರಡನೆಯವನ ಮಾತಿಗೇ ನಮ್ಮ ಓಟು. ಮಾತಾಡಬಲ್ಲವನು ಮಾತು ಬೇಡವೆಂದು ಸುಮ್ಮನಿರುವುದು ಒಂದು. ಮಾತಾಡಲು ಬಿಡದೆ ಸುಮ್ಮನಿರಿಸುವುದು ಇನ್ನೊಂದು. ಬಾರ್ತಾಸನ ಚಿತ್ರದಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ತೋಫಾ ಜನ ಬೆಟ್ಟದ ಜೊತೆಗೆ ಇನ್ನೊಂದು ಬೆಟ್ಟವಾಗಿಬಿಡುತ್ತಾರೆ.

ಈ ಲಿಥುವೇನಿಯಾ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಜನ 30 ಲಕ್ಷಕ್ಕೂ ಕಮ್ಮಿ. ರಷ್ಯಾದ ಚಕ್ರವರ್ತಿಗಳ ಕೈಯಲ್ಲಿದ್ದದ್ದು 1918ರಲ್ಲಿ ಸ್ವತಂತ್ರವಾಯಿತು. 1940ರಲ್ಲಿ ಸೋವಿಯತ್ ಸೇನೆ ಬಂತು, 1941ರಲ್ಲಿ ಹಿಟ್ಲರನ ಸೇನೆ, 1944ರಲ್ಲಿ ಮತ್ತೆ ಸೋವಿಯತ್. 1990ರ ಮಾರ್ಚ್ 11ರಂದು ಇನ್ನೊಮ್ಮೆ ಸ್ವಾತಂತ್ರ್ಯ ಸಾರಿಕೊಂಡಿತು.

ಅಲ್ಲಿನ ಭಾಷೆಯ ಬಗ್ಗೆ ನಮ್ಮ ಪಂಡಿತರಿಗೆ ಬಲು ಹೆಮ್ಮೆ. ಇವತ್ತು ಬದುಕಿರುವ ಯುರೋಪಿನ ಭಾಷೆಗಳಲ್ಲಿ ಸಂಸ್ಕೃತದ ಹಳೇ ಚಹರೆಯನ್ನು ಹೆಚ್ಚು ಉಳಿಸಿಕೊಂಡದ್ದು ಅದೇ ಅನ್ನುತ್ತಾರೆ. ಮಗನಿಗೆ 'ಸೂನುಸ್', ಹೊಗೆಗೆ 'ದೂಮಸ್'. ಇರಲಿ. ಆದರೆ ಅದನ್ನು ಉಳಿಸಿದವರು ಯಾರು? ಅಲ್ಲಿನ ಜಮೀನ್ದಾರರು ಪೋಲಿಷ್ ಮಾತಾಡಿಕೊಂಡಿದ್ದರು. ದನ ಕಾಯುವವರು, ಗೊಬ್ಬರ ಹೊರುವವರು, 1861ರವರೆಗೆ ಜಮೀನಿಗೆ ಕಟ್ಟುಬಿದ್ದಿದ್ದ ಜೀತದಾಳುಗಳು ಅದನ್ನು ಆಡಿ ಆಡಿ ಉಳಿಸಿದರು. ಸಂಸ್ಕೃತದ ನಂಟಿನ ಮಾತು ಅಲ್ಲಿ ಜೀತಗಾರನ ಬಾಯಲ್ಲಿತ್ತು. ಇಲ್ಲಿ ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿ ಅಂತ ಧರ್ಮಸೂತ್ರ ಬರೆದರು. ನಂಟಿನ ಹೆಮ್ಮೆ ಹೇಳುವವರು ಇದನ್ನೂ ಸ್ವಲ್ಪ ಹೇಳಲಿ.

ಅವರ ಅಕ್ಷರದ ಕಥೆಯನ್ನೂ ನಮ್ಮ ಮೇಷ್ಟ್ರುಗಳು ತಿಳಿಯಬೇಕು. ಲಿಥುವೇನಿಯನ್ ಭಾಷೆಯನ್ನು ಅದರ ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕಕೂಡದೆಂದು ರಷ್ಯಾದ ಆಡಳಿತ 1865ರ ಸುಮಾರಿಗೆ ನಿಷೇಧ ತಂದು 1904ರವರೆಗೆ ನಡೆಸಿತು. ಹೆಚ್ಚುಕಮ್ಮಿ 40 ವರ್ಷ. ಆಗ ರೈತರೂ ಕೂಲಿಗಳೂ ಗಡಿಯಾಚೆ ಪ್ರಷ್ಯಾದಲ್ಲಿ ಅಚ್ಚಾದ ಪುಸ್ತಕಗಳನ್ನು ಮೂಟೆ ಕಟ್ಟಿ ಬೆನ್ನ ಮೇಲೆ ಹೊತ್ತು ರಾತ್ರಿ ಹೊತ್ತು ಕದ್ದು ತಂದರು. ಸಿಕ್ಕಿಬಿದ್ದವರು ಸೈಬೀರಿಯಾಕ್ಕೆ ಹೋದರು. ಅವರನ್ನು ಅಲ್ಲಿ 'ಪುಸ್ತಕ ಹೊರುವವರು' ಎಂದು ಗೌರವದಿಂದ ನೆನೆಯುತ್ತಾರೆ. ಅಕ್ಷರಕ್ಕಾಗಿ ಬೆನ್ನು ಬಗ್ಗಿಸಿದವರ ಕಥೆ ನಮಗೆ ಬೇಗ ಅರ್ಥವಾಗುತ್ತದೆ.

ರಾಬರ್ಟಸ್ ವೆರ್ಬಾ ಎಂಬಾತ ಆ ಕಾಲದ ಮುದುಕರ ಮುಂದೆ ಕ್ಯಾಮೆರಾ ಇಟ್ಟ. 'ಮುದುಕ ಮತ್ತು ಮಣ್ಣು' (1965) ಒಬ್ಬ ಹಳ್ಳಿಯ ರೈತನನ್ನು ಕುರಿತ ಸಣ್ಣ ಸಾಕ್ಷ್ಯಚಿತ್ರ. 'ನೂರು ದಾಟಿದವರ ಕನವರಿಕೆ' (1969) ಹೆಸರೇ ಹೇಳುವಂತೆ ನೂರು ವರ್ಷದವರ ಮಾತು. 1969ರಲ್ಲಿ ನೂರು ತುಂಬಿದವರೆಂದರೆ ಅವರ ಅಪ್ಪ ಅವ್ವ ಜೀತ ಕಂಡವರು, ಅವರು ಹುಟ್ಟಿದ್ದೇ ಅಕ್ಷರ ನಿಷೇಧದಲ್ಲಿ. ಆ ಮುಖಗಳ ಸುಕ್ಕು, ಗಂಟುಗಂಟಾದ ಬೆರಳು ನೋಡುತ್ತಿದ್ದರೆ ನಮ್ಮ ಕೇರಿಯ ಜಗಲಿ ಕಟ್ಟೆ ನೆನಪಾಗುತ್ತದೆ. ಇಲ್ಲಿ ಮುದುಕರಿಗೆ ಮಾತು ಕೊಟ್ಟಿದ್ದಾರೆ. ಬಾರ್ತಾಸನಿಗಿಂತ ವೆರ್ಬಾ ನಮಗೆ ಹತ್ತಿರ ಅನ್ನಿಸುವುದು ಇದಕ್ಕೇ. ನಮ್ಮ ತಾತಂದಿರ ಮಾತನ್ನು ಹೀಗೆ ಹಿಡಿದಿಟ್ಟವರು ಎಷ್ಟು ಜನ ಇದ್ದಾರೆ? ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ತಾತಂದಿರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ವೀತೌತಾಸ್ ಝಲಾಕೆವಿಚಸ್ 1965ರಲ್ಲಿ ತೆಗೆದ 'ಸಾಯಲು ಯಾರಿಗೂ ಇಷ್ಟವಿರಲಿಲ್ಲ' ಅಲ್ಲಿನ ಬಹು ಹೆಸರಾದ ಚಿತ್ರ. 1947ರ ಒಂದು ಹಳ್ಳಿ. ಯುದ್ಧ ಮುಗಿದಿದೆ, ಕೊಲೆ ಮುಗಿದಿಲ್ಲ. ಸೋವಿಯತ್ ಆಡಳಿತವನ್ನು ಒಪ್ಪದವರು ಕಾಡು ಸೇರಿ ಬಂದೂಕು ಹಿಡಿದಿದ್ದಾರೆ. ಹಳ್ಳಿಯ ಅಧ್ಯಕ್ಷನಾದವರನ್ನೆಲ್ಲ ಅವರು ಕೊಲ್ಲುತ್ತಾರೆ. ಲೋಕೀಸ್ ಎಂಬ ಮುದಿ ಅಧ್ಯಕ್ಷ ಸತ್ತಾಗ ಅವನ ನಾಲ್ಕು ಮಕ್ಕಳು ಸೇಡಿಗೆ ನಿಲ್ಲುತ್ತಾರೆ. ಖಾಲಿಯಾದ ಕುರ್ಚಿಗೆ ವೈತ್ಕುಸ್ ಎಂಬವನನ್ನು ಬಲವಂತವಾಗಿ ಕೂರಿಸುತ್ತಾರೆ. ಅವನು ಹಿಂದೆ ಕಾಡಿನಲ್ಲಿದ್ದವನು, ಕ್ಷಮೆ ಪಡೆದು ಹೊರಬಂದವನು. ಡೊನಾಟಸ್ ಬಾನ್ಯೋನಿಸ್ ಈ ಪಾತ್ರ ಮಾಡಿದ್ದಾನೆ. ತಾರ್ಕೋವ್‌ಸ್ಕಿಯ 'ಸೋಲಾರಿಸ್' (1972) ಚಿತ್ರದ ನಾಯಕನೂ ಈತನೇ.

ಆ ಕುರ್ಚಿಯಲ್ಲಿ ಕೂತ ವೈತ್ಕುಸನ ಮುಖ ನೋಡಿದಾಗ ನಮ್ಮ ಗುಂಪಿನ ಎಲ್ಲರಿಗೂ ಒಂದೇ ನೆನಪು ಬಂತು. ಮೀಸಲು ಕ್ಷೇತ್ರದಿಂದ ಗೆದ್ದ ಪಂಚಾಯ್ತಿ ಅಧ್ಯಕ್ಷ. ಕುರ್ಚಿ ಅವನದು, ಸೀಲು ಇನ್ನೊಬ್ಬರ ಮನೆಯ ಬೀರುವಿನಲ್ಲಿ. ಅಧಿಕಾರ ಎಂಬುದು ಕೊರಳಿಗೆ ಬಿದ್ದ ಗಂಟೆಯಾದಾಗ ಮನುಷ್ಯ ಹೇಗೆ ಕೂರುತ್ತಾನೆ ಅನ್ನುವುದನ್ನು ಬಾನ್ಯೋನಿಸ್ ಬರೀ ಭುಜದಲ್ಲಿ ತೋರಿಸುತ್ತಾನೆ. ಚಿತ್ರ ತಯಾರಾದದ್ದು ಸೋವಿಯತ್ ಕಾಲದಲ್ಲಿ, ಹಾಗಾಗಿ ಕಾಡಿನವರು ಅದರಲ್ಲಿ ಡಕಾಯಿತರು. 1990ರ ನಂತರದ ಲಿಥುವೇನಿಯಾದಲ್ಲಿ ಅದೇ ಜನ ನಾಡಿಗಾಗಿ ಹೋರಾಡಿದ ವೀರರು. ಸರ್ಕಾರ ಬದಲಾದ ಹಾಗೆ ಪಟ್ಟಿ ಬದಲಾಗುತ್ತದೆ. ನಡುವೆ ಸಿಕ್ಕಿ, ಹಗಲು ಒಬ್ಬರಿಗೆ ರಾತ್ರಿ ಇನ್ನೊಬ್ಬರಿಗೆ ರೊಟ್ಟಿ ಕೊಟ್ಟು ಇಬ್ಬರಿಂದಲೂ ಏಟು ತಿಂದ ಬಡ ರೈತ ಯಾವ ಪಟ್ಟಿಯಲ್ಲಿದ್ದಾನೆ? ಚಿತ್ರದ ಹೆಸರು ಅವನಿಗೆ ಸೇರಿದ್ದು ಅಂತ ನಾವು ತಿಳಿಯುತ್ತೇವೆ.

ಅರೂನಾಸ್ ಝೆಬ್ರೂನಾಸನ 'ಚೆಲುವೆ' (1969) ಇದಕ್ಕೆ ಪೂರಾ ಬೇರೆ. ಮಕ್ಕಳು ಬೀದಿಯಲ್ಲಿ ಒಂದು ಆಟ ಆಡುತ್ತಾರೆ. ಸುತ್ತ ನಿಂತು ನಡುವೆ ಒಬ್ಬರನ್ನು ಬಿಡುತ್ತಾರೆ. ನಡುವಿನವಳು ಕುಣಿಯಬೇಕು, ಸುತ್ತ ನಿಂತವರು ಅವಳ ಬಗ್ಗೆ ಒಳ್ಳೆ ಮಾತು ಹೇಳಬೇಕು. ಇಂಗಾ ಎಂಬ ಮಚ್ಚೆ ಮುಖದ ಹುಡುಗಿಗೆ ತಾನು ಚೆಲುವೆ ಅಂತ ಗಟ್ಟಿ ನಂಬಿಕೆ, ಎಲ್ಲರೂ ಹಾಗೇ ಹೇಳಿದ್ದಾರಲ್ಲ. ಒಂದಿನ ಹೊಸ ಹುಡುಗನೊಬ್ಬ ಬಂದು 'ನೀನು ಚೆನ್ನಾಗಿಲ್ಲ' ಅಂದುಬಿಡುತ್ತಾನೆ. ಅಷ್ಟೇ ಕಥೆ. ಆ ಒಂದು ಮಾತು ಮಗುವಿನೊಳಗೆ ಏನು ಮಾಡುತ್ತದೆ ಅನ್ನುವುದನ್ನು ಚಿತ್ರ ಗದ್ದಲ ಮಾಡದೆ ಹಿಂಬಾಲಿಸುತ್ತದೆ.

ಈ ಚಿತ್ರ ನೋಡಿ ನಮ್ಮ ಜೊತೆಯ ಹೆಣ್ಣುಮಗಳೊಬ್ಬಳು ತಡವಾಗಿ ಒಂದು ಮಾತು ಹೇಳಿದಳು. 'ಅವಳಿಗೆ ಒಬ್ಬ ಹೇಳಿದ. ನಮಗೆ ಇಡೀ ಸ್ಕೂಲು ಹೇಳ್ತಿತ್ತು. ವಾರ್ಷಿಕೋತ್ಸವದ ಡ್ಯಾನ್ಸಿಗೆ ಬೆಳ್ಳಗಿರೋರ್ನೇ ಮುಂದೆ ನಿಲ್ಲಿಸ್ತಿದ್ರು, ನಾವು ಹಿಂದಿನ ಸಾಲು. ವೃತ್ತದ ನಡುವೆ ಒಂದಿನಾನೂ ಹೋಗ್ಲಿಲ್ಲ.' ಎಲ್ಲರೂ ಸುಮ್ಮನಾದೆವು. ಅವಳ ಈ ಮಾತು ಆ ಚಿತ್ರಕ್ಕೆ ಬರೆದ ವಿಮರ್ಶೆ ಅಂತಲೇ ನಾವು ತಿಳಿದಿದ್ದೇವೆ. ಚೆಲುವು ಅನ್ನುವುದು ಸುತ್ತ ನಿಂತವರು ಕೊಡುವ ದಾನವಾದರೆ, ಅವರು ಯಾವತ್ತು ಬೇಕಾದರೂ ವಾಪಸ್ ಕಿತ್ತುಕೊಳ್ಳಬಹುದು.

55 ವರ್ಷದ ಮೇಲೆ ಅದೇ ದೇಶದಿಂದ ಇನ್ನೊಂದು ಚಿತ್ರ ಬಂತು. ಸೌಲೆ ಬ್ಲ್ಯುವಾಯ್ಟೆ ಎಂಬ ಹೆಣ್ಣುಮಗಳ 'ಟಾಕ್ಸಿಕ್', 2024ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪಡೆಯಿತು. ಕಾರ್ಖಾನೆಗಳ ಪಾಳು ಬಿದ್ದ ಊರು. 13 ವರ್ಷದ ಇಬ್ಬರು ಬಡ ಹುಡುಗಿಯರು ಮಾಡೆಲ್ ಆಗುವ ಶಾಲೆ ಸೇರುತ್ತಾರೆ, ಹೇಗಾದರೂ ಈ ಊರಿನಿಂದ ಪಾರಾಗಬೇಕು. ಅಲ್ಲಿ ಟೇಪು ಹಿಡಿದು ಮೈ ಅಳೆಯುತ್ತಾರೆ. ತೆಳ್ಳಗಾಗಲು ಒಬ್ಬಳು ಹೊಟ್ಟೆಹುಳುವನ್ನೇ ನುಂಗುತ್ತಾಳೆ. ನಮ್ಮ ಕೇರಿ ಮಕ್ಕಳಿಗೆ ಹೊಟ್ಟೆಹುಳು ಸಾಯಲೆಂದು ಶಾಲೆಯಲ್ಲಿ ಮಾತ್ರೆ ಕೊಡುತ್ತಾರೆ. ಅಲ್ಲಿ ಹುಳು ಹುಟ್ಟಲೆಂದು ಮಾತ್ರೆ ಕೊಳ್ಳುತ್ತಾರೆ. 1969ರಲ್ಲಿ ಒಬ್ಬ ಹುಡುಗ ಆಡಿದ ಮಾತನ್ನು 2024ರಲ್ಲಿ ಒಂದು ಮಾರುಕಟ್ಟೆಯೇ ಆಡುತ್ತಿದೆ. ಆ ಇಬ್ಬರಲ್ಲಿ ಮಾರಿಯಾ ಎಂಬವಳು ಕುಂಟಿಕೊಂಡು ನಡೆಯುತ್ತಾಳೆ. ನಿರ್ದೇಶಕಿ ಅವಳ ನಡಿಗೆಯನ್ನು ಕನಿಕರಕ್ಕೆ ಬಳಸಿಲ್ಲ. ಅದು ಅವಳ ನಡಿಗೆ, ಅಷ್ಟೇ.

ಕಾಲಿನ ಮಾತು ಬಂದ ಮೇಲೆ ಇಟಲಿಯ ಎರ್ಮಾನ್ನೊ ಓಲ್ಮಿಯ 'ಮರದ ಎಕ್ಕಡದ ಮರ' (1978) ಹೇಳದೆ ಮುಂದೆ ಹೋಗಲಾರೆವು. ಆ ವರ್ಷ ಕಾನ್ ಚಿತ್ರೋತ್ಸವದ ಮೊದಲ ಬಹುಮಾನ ಇದಕ್ಕೇ ಬಂತು. 19ನೇ ಶತಮಾನದ ಕೊನೆ, ಬೆರ್ಗಾಮೊ ಸೀಮೆ. ಒಂದೇ ವಠಾರದಲ್ಲಿ ನಾಲ್ಕು ಗೇಣಿ ಕುಟುಂಬ. ಮನೆ, ಹೊಲ, ಮರ ಎಲ್ಲ ಜಮೀನ್ದಾರನವು. ಬೆಳೆದದ್ದರಲ್ಲಿ ಮೂರರಲ್ಲಿ ಎರಡು ಪಾಲು ಅವನಿಗೆ. ನಟಿಸಿದವರು ಅದೇ ಸೀಮೆಯ ನಿಜವಾದ ರೈತರು, ಆಡಿದ್ದು ಅವರದೇ ಆಡುನುಡಿ. ಬತಿಸ್ತಿ ಎಂಬವನ ಮಗ ಚುರುಕು, ಅವನನ್ನು ಶಾಲೆಗೆ ಕಳಿಸು ಅಂತ ಪಾದ್ರಿ ಹೇಳುತ್ತಾನೆ. ಹುಡುಗ ಮೈಲಿಗಟ್ಟಲೆ ನಡೆದು ಹೋಗಿಬರುತ್ತಾನೆ. ಒಂದಿನ ಅವನ ಮರದ ಎಕ್ಕಡ ಸೀಳುತ್ತದೆ. ಅಪ್ಪ ಯಾರಿಗೂ ಕಾಣದಂತೆ ಕಾಲುವೆ ದಂಡೆಯ ಒಂದು ಮರ ಕಡಿದು, ರಾತ್ರಿ ಕೂತು ಮಗನಿಗೆ ಹೊಸ ಜೋಡು ಕೆತ್ತುತ್ತಾನೆ. ಜಮೀನ್ದಾರನಿಗೆ ತಿಳಿಯುತ್ತದೆ. ಇಡೀ ಸಂಸಾರ ಗಾಡಿಗೆ ಸಾಮಾನು ಹೇರಿಕೊಂಡು ಹೋಗಬೇಕಾಗುತ್ತದೆ.

ಸುಮಾರು ಮೂರು ಗಂಟೆಯ ಈ ಚಿತ್ರವನ್ನು ನಮ್ಮವ್ವನಿಗೆ ತೋರಿಸಿದೆವು. ಅವಳು ಸಾಲು ಓದುವ ಹಂಗೇ ಇಲ್ಲದೆ ನೋಡಿದಳು. ಹಂದಿ ಕೊಯ್ಯುವಾಗ 'ಚೂರಿ ಹಿಡಿಯೋದು ಹಂಗಲ್ಲ' ಅಂದಳು. ಮರ ಕಡಿಯುವಾಗ ಕೇಳಿದಳು:

'ಆ ಮರ ಯಾರ್ದಪ್ಪ?'

'ಜಮೀನ್ದಾರಂದು ಕಣವ್ವ.'

'ನೀರು ಹುಯ್ದೋರು?'

ನಮ್ಮ ಹತ್ತಿರ ಬೇರೆ ಉತ್ತರವಿರಲಿಲ್ಲ. ನಮ್ಮ ತಾತ ಎಕ್ಕಡ ಹೊಲಿದವನು. ಊರಿಗೆಲ್ಲ ಹೊಲಿದು ಕೊಟ್ಟು, ಊರ ಬೀದಿ ಬಂದಾಗ ತನ್ನದನ್ನು ಕೈಯಲ್ಲಿ ಹಿಡಿದು ನಡೆದವನು. ಬತಿಸ್ತಿಯ ಮಗನಿಗೆ ಎಕ್ಕಡ ಸಿಕ್ಕರೆ ಹಾಕಿಕೊಂಡು ಊರ ನಡುವೆ ನಡೆಯಬಹುದಿತ್ತು. ಅವನ ಬಡತನಕ್ಕೂ ನಮ್ಮ ಬಡತನಕ್ಕೂ ಇರುವ ಅಂತರ ಆ ಒಂದು ಬೀದಿಯಷ್ಟಿದೆ. ನಮ್ಮ ಗೆಳೆಯನೊಬ್ಬ ಈ ಚಿತ್ರದ ಮೇಲೆ ಸಿಟ್ಟಾದ. ಗಾಡಿ ಹೋಗುವಾಗ ನೆರೆಯವರು ಕಿಟಕಿ ಹಿಂದೆ ನಿಂತು ನೋಡುತ್ತಾರೆಯೇ ಹೊರತು ಒಬ್ಬನೂ ಎದ್ದು ಬರುವುದಿಲ್ಲ, ಎರಡು ವರ್ಷ ಹಿಂದೆ ಬಂದ ಬೆರ್ತೊಲುಚ್ಚಿಯ '1900' ಚಿತ್ರದಲ್ಲಿ ರೈತರು ಕೆಂಬಾವುಟ ಹಿಡಿದು ನಿಲ್ಲುತ್ತಾರೆ, ಅದು ಬಂಡಾಯ, ಇದು ಅಳುಮುಂಜಿತನ ಅಂದ. ನಾವು ಒಪ್ಪಲಿಲ್ಲ. ಕೇರಿಗೆ ಬಹಿಷ್ಕಾರ ಹಾಕಿದಾಗ ಊರಿನ ಒಳ್ಳೆಯವರು ಎಲ್ಲಿರುತ್ತಾರೆ? ಕಿಟಕಿ ಹಿಂದೆಯೇ. ಓಲ್ಮಿ ಆ ಕಿಟಕಿಯನ್ನು ಮರೆಮಾಚಿಲ್ಲ.

ಡಿ ಸಿಕಾನ 'ಬೈಸಿಕಲ್ ಕಳ್ಳರು' (1948) ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾವು ಒಂದೇ ಮಾತು ಹೇಳುತ್ತೇವೆ. ಹಾಸಿಗೆಯ ಬಟ್ಟೆ ಒತ್ತೆಯಿಟ್ಟು ಬಿಡಿಸಿಕೊಂಡ ಸೈಕಲ್ಲು ಕಳವಾಗಿ, ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ಲು ಕದ್ದು ಸಿಕ್ಕಿಬೀಳುತ್ತಾನೆ. ಅಳುವ ಮಗನನ್ನು ನೋಡಿ ಸೈಕಲ್ಲಿನವನು ಬಿಟ್ಟುಬಿಡುತ್ತಾನೆ. ಆ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ನಿಜದಲ್ಲೂ ಕಾರ್ಖಾನೆಯ ಕಾರ್ಮಿಕ. ನಾವು ಪ್ರತಿ ಸಲವೂ ಅತ್ತಿದ್ದೇವೆ. ಅತ್ತ ಮೇಲೆ ಯೋಚಿಸಿದ್ದೇವೆ: ರೋಮಿನ ಆ ಗುಂಪು ಅವನ ಕೆನ್ನೆಗೆ ಹೊಡೆಯಿತು, ಅವನ ಜಾತಿ ಕೇಳಲಿಲ್ಲ. ಅಪ್ಪನ ಅವಮಾನವನ್ನು ಕಣ್ಣಾರೆ ಕಂಡ ಇನ್ನೊಬ್ಬ ಹುಡುಗ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿದ್ದಾನೆ, ನಾಗರಾಜ ಮಂಜುಳೆಯ 'ಫಂಡ್ರಿ' (2013) ಚಿತ್ರದ ಜಬ್ಯಾ. ಇಡೀ ಊರು ನೋಡಿ ನಗುತ್ತಿರುವಾಗ ಹಂದಿ ಹಿಡಿಯಬೇಕಾದ ಹುಡುಗ. ಇಟಲಿಯ ಹುಡುಗ ಅಪ್ಪನ ಕೈ ಹಿಡಿದು ಜನರ ನಡುವೆ ಕರಗಿದ. ಜಬ್ಯಾ ಕಲ್ಲು ಬೀಸಿದ, ಅದು ನೇರ ನೋಡುವವರ ಕಡೆಗೇ ಬಂತು.

ಫಿನ್ಲೆಂಡಿನ ಆಕಿ ಕೌರಿಸ್ಮಾಕಿಯ 'ಸ್ವರ್ಗದ ನೆರಳುಗಳು' (1986) ಚಿತ್ರದ ನಾಯಕ ಕಸದ ಲಾರಿಯವನು. ಅಂಗಡಿಯಲ್ಲಿ ಬಿಲ್ಲು ಮಾಡುವ ಹೆಣ್ಣನ್ನು ಪ್ರೀತಿಸುತ್ತಾನೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ನಗುವುದಂತೂ ಇಲ್ಲ. ಆದರೂ ನಾವು ಬಿದ್ದು ಬಿದ್ದು ನಕ್ಕೆವು. ಕಸ ಎತ್ತುವವನು ಕಥಾನಾಯಕನಾಗಿ, ಸಿಗರೇಟು ಹಚ್ಚಿಕೊಂಡು, ಒಳ್ಳೆ ಜಾಕೆಟ್ಟು ಹಾಕಿಕೊಂಡು ಹೆಣ್ಣನ್ನು ಕರೆದುಕೊಂಡು ಹೋಗುವುದನ್ನು ನೋಡುವುದೇ ಒಂದು ಸುಖ. ಅಲ್ಲಿ ಕಸ ಒಂದು ನೌಕರಿ. ಡ್ಯೂಟಿ ಮುಗಿದ ಮೇಲೆ ವಾಸನೆ ಸೋಪಿಗೆ ಹೋಗುತ್ತದೆ. ಇಲ್ಲಿ ಮಲ ಹೊರಿಸುವುದರ ವಿರುದ್ಧ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಹೆಸರು ಕೇಳಿದರೆ ಎಲ್ಲ ನಮ್ಮ ಕೇರಿಯವೇ.

ಇಷ್ಟು ಓದಿ, ಯುರೋಪಿನಲ್ಲಿ ಬರೀ ವರ್ಗ, ಹುಟ್ಟಿನ ಕೀಳು ಇಲ್ಲ ಅಂತ ಯಾರೂ ತಿಳಿಯಬಾರದು. ರಾಡು ಜೂಡೆಯ ರುಮೇನಿಯನ್ ಚಿತ್ರ 'ಆಫೆರಿಮ್!' (2015) ನೋಡಬೇಕು. 1835ರ ವಲಾಕಿಯಾ. ರೋಮಾ ಜನ ಅಲ್ಲಿ ಗುಲಾಮರು. ಜಮೀನ್ದಾರರೂ ಮಠಗಳೂ ಅವರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದ ಕಾಲ. ಓಡಿಹೋದ ಒಬ್ಬ ರೋಮಾ ಗುಲಾಮನನ್ನು ಹಿಡಿಯಲು ಕಾನ್‌ಸ್ಟೇಬಲ್ಲೂ ಅವನ ಮಗನೂ ಕುದುರೆ ಏರಿ ಹೊರಡುತ್ತಾರೆ. ದಾರಿಯಲ್ಲಿ ಪಾದ್ರಿಯೊಬ್ಬ ಯಾವ ಜನಾಂಗ ಎಷ್ಟು ಕೀಳು ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾನೆ. ಸಂತೆಯಲ್ಲಿ ಒಂದು ರೋಮಾ ಮಗುವನ್ನು ಮಾರುತ್ತಾರೆ. ಹಿಡಿದ ಗುಲಾಮನ ಮೇಲೆ ಕಾನ್‌ಸ್ಟೇಬಲ್ಲಿಗೆ ಕನಿಕರ ಹುಟ್ಟುತ್ತದೆ, ಆದರೂ ಒಪ್ಪಿಸುತ್ತಾನೆ, ಹಣ ಎಣಿಸಿಕೊಳ್ಳುತ್ತಾನೆ. ಒಡೆಯ ಎಲ್ಲರೆದುರು ಆ ಗುಲಾಮನ ಗಂಡಸುತನ ಕೊಯ್ಯುತ್ತಾನೆ. ಆ ಸೀಮೆಗಳಲ್ಲಿ ಈ ಗುಲಾಮಗಿರಿ ಕಾನೂನಿನಲ್ಲಿ ಮುಗಿದದ್ದು 1855-56ರಲ್ಲಿ. ಕೈ ಮಾಡಿದವನಿಗಿಂತ ಕನಿಕರಪಟ್ಟು ಒಪ್ಪಿಸಿದವನೇ ನಮಗೆ ಹೆಚ್ಚು ದಿನ ಕಾಡಿದ. ಅವನ ಥರದ ಒಳ್ಳೆಯವರನ್ನು ನಾವು ಆಫೀಸುಗಳಲ್ಲಿ ದಿನಾ ನೋಡುತ್ತೇವೆ.

ರೋಮಾ ಜನ ಸುಮಾರು ಸಾವಿರ ವರ್ಷದ ಹಿಂದೆ ಇದೇ ನಮ್ಮ ಉಪಖಂಡದಿಂದ ಹೊರಟವರು. ನೀರಿಗೆ 'ಪಾನಿ', ಕಿವಿಗೆ 'ಕನ್', ಮೂಗಿಗೆ 'ನಖ್' ಅನ್ನುತ್ತಾರೆ. ಇದನ್ನು ನಮ್ಮ ತಾಂಡಾದ ಗೆಳೆಯನಿಗೆ ಹೇಳಿದಾಗ ಅವನು ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ 'ಅಷ್ಟು ದೂರ ಹೋದರೂ ಬಿಡಲಿಲ್ವಲ್ಲ' ಅಂದ. ಯುಗೊಸ್ಲಾವಿಯಾದ ಅಲೆಕ್ಸಾಂದರ್ ಪೆತ್ರೊವಿಚ್ 1967ರಲ್ಲಿ ಬಾತುಕೋಳಿ ಗರಿ ಮಾರುವ ರೋಮಾ ಜನರ ಮೇಲೆ 'ಗರಿ ಕೂಡಿಸುವವರು' ಎಂಬ ಚಿತ್ರ ತೆಗೆದ, ಅವರದೇ ಮಾತು ಅದರಲ್ಲಿದೆ. ಕುಡಿತ, ಹೊಡೆದಾಟ, ಕೆಸರು ಎಲ್ಲ ಇದೆ. ಆ ಕೆಸರಿಗೆ ಕಾರಣವಾದವರು ಮಾತ್ರ ಚೌಕಟ್ಟಿನೊಳಗೆ ಕಾಣುವುದೇ ಕಮ್ಮಿ. ಕೇರಿಯ ಮೇಲೆ ತೆಗೆದ ನಮ್ಮ ಕೆಲವು ಚಿತ್ರಗಳಿಗೂ ಇದೇ ಕಾಯಿಲೆ.

ಈಗ ಮತ್ತೆ ಲಿಥುವೇನಿಯಾಕ್ಕೆ ಬರುತ್ತೇವೆ, ಒಬ್ಬ ಕವಿಯ ಹತ್ತಿರಕ್ಕೆ. ಯೋನಾಸ್ ಮೇಕಾಸ್. 1922ರಲ್ಲಿ ಸೆಮೆನಿಶ್ಕೆಯ್ ಎಂಬ ಕುಗ್ರಾಮದ ರೈತನ ಮನೆಯಲ್ಲಿ ಹುಟ್ಟಿದವನು. 1944ರಲ್ಲಿ ತಮ್ಮನ ಜೊತೆ ದೇಶ ಬಿಟ್ಟು ಓಡಿ, ಜರ್ಮನಿಯ ದುಡಿತದ ಶಿಬಿರಕ್ಕೆ ಸಿಕ್ಕಿ, ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಳನ್ನು ಕಳೆದು 1949ರಲ್ಲಿ ನ್ಯೂಯಾರ್ಕಿಗೆ ಬಂದ. ಬಂದ ಕೆಲವೇ ವಾರದಲ್ಲಿ ಸಾಲ ಮಾಡಿ ಒಂದು ಬೊಲೆಕ್ಸ್ ಕ್ಯಾಮೆರಾ ಕೊಂಡ. ಸಿನಿಮಾಕ್ಕೆಂದೇ ಸಣ್ಣ ಪತ್ರಿಕೆ ಕಟ್ಟಿದ, ದೊಡ್ಡ ಕಂಪನಿಗಳ ಹಂಗಿಲ್ಲದೆ ಚಿತ್ರ ಹಂಚಲು 1962ರಲ್ಲಿ ಗೆಳೆಯರ ಜೊತೆ ಸಹಕಾರ ಸಂಘ ಕಟ್ಟಿದ. ಕವಿ, ರೈತನ ಮಗ, ಸಣ್ಣ ಪತ್ರಿಕೆಯವನು. ನಮ್ಮವನೇ ಅನ್ನಿಸಿತು.

27 ವರ್ಷದ ಮೇಲೆ, 1971ರಲ್ಲಿ ಅವನು ಊರಿಗೆ ಹೋಗಿ ತೆಗೆದದ್ದು 'ಲಿಥುವೇನಿಯಾ ಪಯಣದ ನೆನಪುಗಳು' (1972). ಕ್ಯಾಮೆರಾ ಸಂತೆಗೆ ಬಂದ ಮಗುವಿನ ಹಾಗೆ ಅತ್ತ ಇತ್ತ ಓಡುತ್ತದೆ. ಬೆಂಕಿಯ ಮುಂದೆ ಮುದಿ ತಾಯಿ, ಹುಲ್ಲು, ಹಣ್ಣು, ಅಣ್ಣ ತಮ್ಮಂದಿರ ಹಾಡು. ಅವನು ಊರ ಬಾವಿಯ ನೀರು ಕುಡಿಯುತ್ತಾನೆ. ಆ ನೀರು ಅವನಿಗೆ ಅಮೃತ.

ನಮ್ಮ ಕಣ್ಣಲ್ಲೂ ನೀರು ಬಂತು. ಆದರೆ ಬೇರೆ ಕಾರಣಕ್ಕೆ. ನಮ್ಮಜ್ಜಿ ಊರ ಬಾವಿ ಹತ್ತಿರ ಖಾಲಿ ಕೊಡ ಹಿಡಿದು, ಯಾರಾದರೂ ಮೇಲಿಂದ ಹುಯ್ಯಲಿ ಅಂತ ಹೊತ್ತುಗಟ್ಟಲೆ ನಿಂತವಳು. ಹಗ್ಗ ಮುಟ್ಟಿದವಳಲ್ಲ. 1927ರಲ್ಲಿ ಮಹಾಡಿನ ಕೆರೆಗೆ ಬಾಬಾಸಾಹೇಬರು ಇಳಿದು ನೀರು ಕುಡಿದ ದಿನ ಅವಳು ಹುಟ್ಟಿರಲಿಲ್ಲ. ಹುಟ್ಟಿ ಬೆಳೆದ ಮೇಲೂ ಆ ಸುದ್ದಿ ಅವಳ ಊರಿಗೆ ಬಂದಿರಲಿಲ್ಲ. ಊರು ಬಿಟ್ಟವನು ನೆನೆದು ಅಳಲು ಒಂದು ಬಾವಿ ಬೇಕು. ನಮಗೆ ಅದು ಇಲ್ಲ.

ಹೀಗೆ ಅಂದುಕೊಂಡು ಇನ್ನಷ್ಟು ಹುಡುಕಿದಾಗ ಇನ್ನೊಂದು ಸಂಗತಿ ತಿಳಿಯಿತು. ಯುದ್ಧಕ್ಕೆ ಮುಂಚೆ ಲಿಥುವೇನಿಯಾದಲ್ಲಿ 2 ಲಕ್ಷಕ್ಕೂ ಹೆಚ್ಚು ಯಹೂದಿಗಳಿದ್ದರು. ನೂರಕ್ಕೆ 90ಕ್ಕೂ ಹೆಚ್ಚು ಜನರನ್ನು ಕೊಂದರು. ಬಹುಪಾಲು ಕೊಲೆ 1941ರ ಆರು ತಿಂಗಳಲ್ಲೇ ಆಯಿತು. ಹಿಟ್ಲರನ ಸೇನೆಯ ಜೊತೆ ಊರಿನವರೂ ಕೈ ಸೇರಿಸಿದ್ದರು. ಮೇಕಾಸನ ಹಳ್ಳಿಗೆ ಹತ್ತಿರದ ಪಟ್ಟಣ ಬಿರ್ಝಾಯ್. ಅಲ್ಲಿ 1941ರ ಆಗಸ್ಟಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದರು. ಆಗ ಮೇಕಾಸನಿಗೆ 18 ವರ್ಷ. ಯುದ್ಧಕಾಲದಲ್ಲಿ ಅವನು ಕೆಲಸ ಮಾಡಿದ ಪತ್ರಿಕೆಗಳು ಯಹೂದಿ ದ್ವೇಷವನ್ನು ಅಚ್ಚು ಹಾಕಿದ್ದವು ಎಂದು 2018ರಲ್ಲಿ ಇತಿಹಾಸಕಾರರೊಬ್ಬರು ಬರೆದರು. ಅವನು ಅಲ್ಲಿ ಸಾಹಿತ್ಯದ ಕೆಲಸ ಮಾಡಿದವನು, ನಾಜಿಗಳ ವಿರುದ್ಧದ ಗುಟ್ಟಿನ ಕೆಲಸದಲ್ಲೂ ಇದ್ದವನು ಅಂತ ಅವನ ಪರ ನಿಂತವರು ಹೇಳಿದರು. 2019ರ ಜನವರಿಯಲ್ಲಿ ಅವನು ತೀರಿಕೊಂಡ. ಈ ವ್ಯಾಜ್ಯಕ್ಕೆ ನಾವು ನ್ಯಾಯಾಧೀಶರಲ್ಲ. ನಾವು ಚಿತ್ರವನ್ನಷ್ಟೇ ನೋಡುತ್ತೇವೆ. ಆ ಚಿತ್ರದ ಹಳ್ಳಿಯಲ್ಲಿ ಹುಲ್ಲಿದೆ, ಹಾಡಿದೆ, ತಾಯಿಯಿದ್ದಾಳೆ. ಹತ್ತಿರದ ಪಟ್ಟಣದಿಂದ ಇಲ್ಲವಾದವರು ಇಲ್ಲ. ಅವರ ಬಾವಿಯಲ್ಲಿ ಆಮೇಲೆ ಯಾರು ನೀರು ಸೇದಿದರು?

ಯುರ್ಗಿಸ್ ಮಾತುಲೆವಿಚಸ್ ಎಂಬ ಎಳೆಯ ನಿರ್ದೇಶಕ ಈ ಪ್ರಶ್ನೆಯ ಹತ್ತಿರ ಹೋದ. ಅಂತಾನಾಸ್ ಶ್ಕೇಮಾ ಬರೆದ ಕಥೆಯ ಮೇಲೆ 'ಇಸಾಕ್' (2019) ಎಂಬ ಚಿತ್ರ ತೆಗೆದ. 1941ರ ಜೂನ್ 27ರಂದು ಕೌನಾಸ್ ನಗರದ ಒಂದು ಗ್ಯಾರೇಜಿನ ಅಂಗಳದಲ್ಲಿ, ಜನ ಸುತ್ತ ನಿಂತು ನೋಡುತ್ತಿರುವಾಗ, ಯಹೂದಿಗಳನ್ನು ಹೊಡೆದು ಕೊಂದರು. ಆ ದಿನ ಕೈ ಮಾಡಿದ ಒಬ್ಬ ಲಿಥುವೇನಿಯನ್ನನ ಒಳಗುದಿಯೇ ಈ ಚಿತ್ರ. ತಮ್ಮ ಜನ ಮಾಡಿದ್ದನ್ನು ತಾವೇ ಪರದೆಗೆ ತರುವುದು ಸುಲಭದ ಕೆಲಸವಲ್ಲ. ಚಿತ್ರ ಅಲ್ಲಲ್ಲಿ ಜಗ್ಗುತ್ತದೆ, ಎಲ್ಲವೂ ನಮಗೆ ಹಿಡಿಸಲಿಲ್ಲ. ಆದರೂ ನಾವು ನೋಡಿದ ಲಿಥುವೇನಿಯಾದ ಚಿತ್ರಗಳಲ್ಲಿ ಧೈರ್ಯದ ಚಿತ್ರ ಯಾವುದೆಂದರೆ ಇದನ್ನೇ ಹೇಳುತ್ತೇವೆ. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸುಟ್ಟವರ ಕಡೆಯಿಂದ ಇಂಥ ಒಂದು ಚಿತ್ರ ಕನ್ನಡದಲ್ಲಿ ಬರಬೇಕು ಅಂತ ಕೇಳುವ ಹಕ್ಕು ನಮಗಿದೆ.

ಹಾಗೆಯೇ ಮೇಕಾಸನ ಬಾವಿ ನಮ್ಮನ್ನೂ ಒಂದು ಮಾತು ಕೇಳುತ್ತದೆ. ಅವನೂ ನೊಂದವನೇ. ಶಿಬಿರ ಕಂಡವನು, ಊರು ಕಳಕೊಂಡವನು. ತನ್ನ ನೋವನ್ನು ಅಷ್ಟು ಚೆನ್ನಾಗಿ ಹಿಡಿದವನ ಚೌಕಟ್ಟಿನಿಂದಲೂ ಇನ್ನೊಬ್ಬರ ನೋವು ಆಚೆ ಉಳಿಯಬಹುದಾದರೆ, ನಾಳೆ ನಾವು ತೆಗೆಯುವ ಚಿತ್ರದಿಂದ ಯಾರು ಆಚೆ ಉಳಿಯುತ್ತಾರೆ? ನಮ್ಮ ಮನೆಯ ಹೆಣ್ಣುಮಕ್ಕಳೇ? ನಮ್ಮ ಕೇರಿಯೂ ಹತ್ತಿರ ಸೇರಿಸದ, ಕೇರಿಯಾಚೆ ಗುಡಿಸಲು ಹಾಕಿಕೊಂಡ ಅಲೆಮಾರಿಗಳೇ? ಕ್ಯಾಮೆರಾ ಕೈಗೆ ಬರುವ ಮೊದಲೇ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಶನಿವಾರ ಮಧ್ಯಾಹ್ನ ಸಮಯ ಸಿಕ್ಕರೆ ಮಕ್ಕಳಿಗೆ 'ಚೆಲುವೆ' ತೋರಿಸಿ, 'ಬೈಸಿಕಲ್ ಕಳ್ಳರು' ತೋರಿಸಿ. ಕೆಳಗಿನ ಇಂಗ್ಲಿಷು ಸಾಲಿನ ಚಿಂತೆ ಬೇಡ, ಕಥೆಯನ್ನು ನಮ್ಮ ಮಾತಿನಲ್ಲೇ ಹೇಳಿ. ಮುಗಿದ ಮೇಲೆ ನೀತಿಪಾಠ ಮಾಡಬೇಡಿ. ಇದರಲ್ಲಿ ಯಾರು ಕಾಣಲಿಲ್ಲ ಅಂತ ಮಾತ್ರ ಕೇಳಿ. ಹಿಂದಿನ ಸಾಲಿನ ಮಗು ಮೊದಲು ಕೈ ಎತ್ತಿದರೆ ಅದಕ್ಕೆ ಪೂರಾ ಮಾತಾಡಲು ಬಿಡಿ.